ಗಾಂವಠಾಣ ಅಂದ್ರೆ ಏನು? ನಮ್ಮ ಮನಿ ಕಾಗದದ ಹಿಂದಿನ ಇತಿಹಾಸ

1/6

ನಿಮ್ಮ ಮನ್ಯಾಗ ಕಪಾಟಿನ ಮ್ಯಾಲೆ ಒಂದು ಕಾಗದದ ಚೀಲ ಇದ್ದೇ ಇರತೈತಿ. ರೇಷನ್ ಕಾರ್ಡ್, ಹೊಲದ ಉತಾರ, ಹಳೇ ಕರೆಂಟ್ ಬಿಲ್, ಯಾರದೋ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್. ಅದರೊಳಗ ಪಂಚಾಯ್ತಿ ಕೊಟ್ಟ ಮನಿ ಕಾಗದ ಹುಡುಕ್ರಿ. ಮೇಲೆ 'ನಮೂನೆ 9' ಅಂತ ಐತೋ, 'ನಮೂನೆ 11ಬಿ' ಅಂತ ಐತೋ ನೋಡ್ರಿ.

2013ರಲ್ಲಿ ರಾಜ್ಯದ ಗ್ರಾಮ ಪಂಚಾಯ್ತಿಗಳಿಗೆ 'ಇ-ಸ್ವತ್ತು' ಬಂತು. ಅದರಲ್ಲಿ ನಮೂನೆ 9 ಸಿಗೋದು ಮುಖ್ಯವಾಗಿ ಮೂರು ಥರದ ಜಾಗಕ್ಕೆ: ಗ್ರಾಮಠಾಣಾದ ಒಳಗಿನ ಮನೆ, ಎನ್ಎ ಆಗಿ ನಕ್ಷೆ ಮಂಜೂರಾದ ಪ್ಲಾಟು, ಸರ್ಕಾರ ಕೊಟ್ಟ ನಿವೇಶನ. ಉಳಿದಿದ್ದಕ್ಕೆ 11ಬಿ. ಎರಡು ಮನೆ, ಒಂದೇ ಗೌಂಡಿ ಕಟ್ಟಿದ್ದು, ಒಂದೇ ಕಲ್ಲು, ಒಂದೇ ಸಿಮೆಂಟ್. ಆದರೆ ಗೃಹ ಸಾಲ ಕೇಳಾಕ ಹೋದಾಗ ಬ್ಯಾಂಕಿನವರು ಸಾಮಾನ್ಯವಾಗಿ ಕೇಳೋದು ನಮೂನೆ 9. ನಾವು ಬಿ.ಕಾಂ. ಓದೋರು ಎರಡನ್ನೂ 'ಕಟ್ಟಡ' ಅಂತ ಸ್ಥಿರಾಸ್ತಿ ಕಾಲಮ್ಮಿಗೆ ಹಾಕ್ತೀವಿ. ಸಾಲ ಕೊಡೋನು ಮಾತ್ರ ಹಂಗ ನೋಡೋದಿಲ್ಲ.

ಈ ಫರಕು ಒಂದೇ ಒಂದು ಶಬ್ದದ ಮೇಲೆ ನಿಂತೈತಿ: ಗ್ರಾಮಠಾಣಾ. ನಮ್ಮ ಕಡೆ ಹಿರಿಯರು ಅನ್ನೋದು ಗಾಂವಠಾಣ. ಈ ಶಬ್ದಕ್ಕೆ ಅರ್ಥ ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನೋದೇ ಈ ಸರಣಿ. ಸ್ವಲ್ಪ ಉದ್ದ ಐತಿ. ಸೇವ್ ಮಾಡಿ ಇಟ್ಕೊಂಡು ಬಸ್ಸಿನ್ಯಾಗ ಓದ್ರಿ.

2/6

ಗಾಂವ್ ಅಂದ್ರೆ ಮರಾಠಿಯಲ್ಲಿ ಊರು, ಠಾಣ ಅಂದ್ರೆ ನಿಂತ ಜಾಗ. ಊರು ನಿಂತ ಜಾಗ, ಅಷ್ಟೇ. ಮರಾಠಿಯಲ್ಲೇ ಇನ್ನೊಂದು ಚಂದದ ಜೋಡಿ ಐತಿ: ಪಾಂಢರಿ ಮತ್ತು ಕಾಳಿ. ಪಾಂಢರಿ ಅಂದ್ರೆ ಮನೆಗಳಿರೋ ಬಿಳಿ ನೆಲ, ಕಾಳಿ ಅಂದ್ರೆ ಬೆಳೆ ತೆಗೆಯೋ ಕರಿ ನೆಲ. ನಮ್ಮ ಯರಿ ಹೊಲ ನೋಡಿದವರಿಗೆ ಈ ಎರಡನೇ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. ಅಂದ್ರೆ ಊರು ಬೇರೆ, ಹೊಲ ಬೇರೆ ಅನ್ನೋ ತಿಳುವಳಿಕೆ ಹಳೇದು. ಹೊಸದಾಗಿ ಬಂದದ್ದು ಅಳತೆ.

1836ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಅಧಿಕಾರಿಗಳು ಹೊಸ ಸರ್ವೆ ಶುರು ಮಾಡಿದರು. ಅದೇ ಪದ್ಧತಿ ಮುಂದೆ ಇಡೀ ಮುಂಬೈ ಪ್ರಾಂತ್ಯಕ್ಕೆ ಹರಡಿತು, ನಮ್ಮ ಭಾಗಕ್ಕೂ ಬಂತು. ಕೈಯಲ್ಲಿ 33 ಫೂಟಿನ ಸರಪಳಿ. ಸರಪಳಿಗೆ 16 ಆಣೆ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರೆ ಒಂದು ಗುಂಟೆ: 33 ಗುಣಿಸು 33, ಅಂದ್ರೆ 1,089 ಚದರ ಫೂಟು. ಅಂಥವು 40 ಕೂಡಿದ್ರೆ ಒಂದು ಎಕರೆ. ಈಗ ಮಂದಿ 30×40 ಪ್ಲಾಟು ಅಂತಾರಲ್ಲ, ಅದು 1,200 ಚದರ ಫೂಟು. ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು.

ಆ ಸರಪಳಿ ಹೊಲ ಹೊಲ ತಿರುಗಿತು. ಪ್ರತಿ ಹೊಲಕ್ಕೂ ಸರ್ವೆ ನಂಬರ್, ಮಣ್ಣಿನ ದರ್ಜೆ, ಅದಕ್ಕೆ ತಕ್ಕ ಆಕಾರ. ಆದರೆ ಊರೊಳಗೆ ಅದು ಹಂಗ ಮನಿ ಮನಿ ತಿರುಗಲಿಲ್ಲ. ಅಗಸಿ ದಾಟಿದ ಮೇಲೆ ಯಾರ ಪಡಸಾಲಿ ಎಷ್ಟು, ಯಾರ ದನದ ಕೊಟ್ಟಿಗೆ ಎಲ್ಲಿಗೆ ಮುಗೀತು, ಯಾರ ಹಗೇವು ಯಾರ ಅಂಗಳದ ಕೆಳಗೈತಿ ಅನ್ನೋದು ಸರ್ಕಾರಕ್ಕೆ ಬೇಕಿರಲಿಲ್ಲ. ಅದರಿಂದ ಭೂಕಂದಾಯ ಹುಟ್ಟೋದಿಲ್ಲ. ಹಂಗಾಗಿ ಮನೆಗಳೆಲ್ಲ ಕೂಡಿ ನಕ್ಷೆಯಲ್ಲಿ ಒಂದೇ ತುಂಡಾಗಿ ಉಳಿದವು. ಹೊಲಕ್ಕೆ ಉತಾರ ಐತಿ, ಮನಿಗೆ ಯಾಕಿಲ್ಲ ಅಂತ ಅಜ್ಜಗೆ ಕೇಳಿ ಬೈಸಿಕೊಂಡವರು ಇದ್ರೆ, ಕಾರಣ ಇದು.

3/6

1879ರಲ್ಲಿ ಮುಂಬೈ ಭೂಕಂದಾಯ ಸಂಹಿತೆ ಬಂತು. ಆಗ ನಮ್ಮ ಜಿಲ್ಲೆಗೆ ಬಿಜಾಪುರ ಅನ್ನೋ ಹೆಸರೂ ಇರಲಿಲ್ಲ. ಕಲಾದಗಿ ಜಿಲ್ಲೆ ಅಂತಿದ್ರು, 1885ರಲ್ಲಿ ಕಚೇರಿ ಬಿಜಾಪುರಕ್ಕೆ ಬಂತು.

ಆ ಸಂಹಿತೆಯ ನಾಲ್ಕು ಕಲಮು ಇವತ್ತಿಗೂ ನಮ್ಮ ಜೀವನದಾಗ ಅದಾವ. 126ನೇ ಕಲಮಿನ ಪ್ರಕಾರ ಊರಿನ ನಿವೇಶನ ಎಲ್ಲಿಗೆ ಮುಗೀತದೆ ಅನ್ನೋದನ್ನ ಗೊತ್ತು ಮಾಡೋ ಅಧಿಕಾರ ಕಲೆಕ್ಟರಿಗೆ. ಗಾಂವಠಾಣದ ಗೆರೆ ಅಂದ್ರೆ ಇದೇ. 48ನೇ ಕಲಮು ಜಮೀನನ್ನ ಬಳಕೆ ಮೇಲೆ ಬೇರೆ ಮಾಡಿತು: ಒಕ್ಕಲುತನಕ್ಕೆ, ಮನೆ ಕಟ್ಟಲಿಕ್ಕೆ, ಬೇರೆ ಕೆಲಸಕ್ಕೆ. ಮೂರಕ್ಕೂ ಕಂದಾಯದ ಲೆಕ್ಕ ಬೇರೆ. 65ನೇ ಕಲಮಿನಂತೆ ರೈತ ತನ್ನ ಹೊಲದಲ್ಲಿ ಒಕ್ಕಲುತನಕ್ಕೆ ಬೇಕಾದ ಕಟ್ಟಡ, ಬಾವಿ ಮಾಡ್ಕೋಬಹುದು, ಬೇರೆ ಏನೇ ಮಾಡಬೇಕಾದ್ರೂ ಅಪ್ಪಣೆ ಬೇಕು. ಅಪ್ಪಣೆ ಇಲ್ಲದೆ ಮಾಡಿದ್ರೆ 66ರ ಪ್ರಕಾರ ದಂಡ. 'ಎನ್ಎ ಆಗೈತೇನು?' ಅಂತ ಪ್ಲಾಟು ತಗೊಳೋವಾಗ ಕೇಳ್ತೀವಲ್ಲ, ಆ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ವ್ಯಾಖ್ಯೆಗಳ ಪಟ್ಟಿಯಲ್ಲಿ 'ಕಟ್ಟಡದ ನಿವೇಶನ' ಅನ್ನೋದಕ್ಕೆ ಕೊಟ್ಟ ಅರ್ಥ ನನಗೆ ಬಹಳ ಸೇರತೈತಿ. ಮನೆ ಕಟ್ಟಲಿಕ್ಕೆ ಹಿಡಿದಿಟ್ಟ ಜಾಗ, ಅಲ್ಲಿ ಮನೆ ಎದ್ದಿರಲಿ ಬಿಡಲಿ, ಮನೆಗೆ ಹೊಂದಿದ ಬಯಲು, ಅಂಗಳ ಎಲ್ಲ ಸೇರಿ. ಮನೆ ಇಲ್ಲದೆ ನಿವೇಶನ ಇರಬಹುದು ಅಂತಾಯ್ತು. ಹೊಲದಲ್ಲಿ ಕಟ್ಟಿದವನದು ಇದರ ಉಲ್ಟಾ: ಮನೆ ಎದ್ದೈತಿ, ನಿವೇಶನ ಅಲ್ಲ.

ಇನ್ನೊಂದು ಶಬ್ದ, ಖರಾಬ. ಉತಾರದಲ್ಲಿ 'ಅ ಖರಾಬ', 'ಬ ಖರಾಬ' ಅಂತ ಇರತೈತಿ, ನೋಡಿರತೀರಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ 'ಅ' ಅಂದ್ರೆ ಬೇಸಾಯಕ್ಕೆ ಬರಲಾರದ ನೆಲ. ಆ ರೈತನದೇ ಹೊಲದ ಕಟ್ಟಡ, ರಾಶಿ ಮಾಡೋ ಕಣ ಕೂಡ ಅದರಲ್ಲೇ ಬರತಾವ. 'ಬ' ಅಂದ್ರೆ ಸಾರ್ವಜನಿಕರದು: ದಾರಿ, ಹಳ್ಳ, ಸುಡಗಾಡು, ಊರ ಕುಂಬಾರಿಕೆಗೆ ಬಿಟ್ಟ ಜಾಗ. ಒಮ್ಮೆ ವಿಚಾರ ಮಾಡ್ರಿ. ವರ್ಷದ ದುಡಿಮೆಯೆಲ್ಲ ಬಂದು ಬೀಳೋ ಕಣ, ಪೂಜೆ ಮಾಡಿ ರಾಶಿ ಎತ್ತೋ ಜಾಗ, ಕಾಗದದಲ್ಲಿ 'ಖರಾಬ'. ಹಾಳು ಅಂತಲ್ಲ ಅದರ ಅರ್ಥ, ಕಂದಾಯ ಹಾಕಲಾರದ್ದು ಅಂತ. ಈ ಶಬ್ದಗಳೆಲ್ಲ ತೆರಿಗೆಯವನ ಕಣ್ಣಿನಿಂದ ಹುಟ್ಟಿದವು. ವಾಸ ಮಾಡೋರ ಕಣ್ಣಿನಿಂದ ಅಲ್ಲ. ನನ್ನ ಮಟ್ಟಿಗೆ ಇಡೀ ಇತಿಹಾಸದ ಗಂಟು ಇರೋದು ಇಲ್ಲೇ.

ಬೇರೆ ದೇಶದಲ್ಲಿ ಈ ಕೆಲಸ ಬೇರೆ ದಾರಿಯಿಂದ ಬಂತು. 1916ರಲ್ಲಿ ನ್ಯೂಯಾರ್ಕ್ ನಗರ ತನ್ನ ವಲಯ ನಿಯಮ ಮಾಡಿದಾಗ ಅಲ್ಲಿನ ಜಗಳ ಬೆಳಕಿಂದು, ಗಾಳಿದು: ಎತ್ತರದ ಕಟ್ಟಡಗಳ ನೆರಳು ಬೀದಿ ಮೇಲೆ ಬೀಳ್ತಿತ್ತು. ಅದಕ್ಕೂ ಒಂದು ವರ್ಷ ಮೊದಲೇ, 1915ರಲ್ಲಿ, ನಮ್ಮ ಮುಂಬೈ ಪ್ರಾಂತ್ಯ ನಗರ ಯೋಜನೆ ಕಾಯ್ದೆ ಮಾಡಿತ್ತು, ಭಾರತದಲ್ಲೇ ಮೊದಲನೇದು. ಆದ್ರೆ ಅದು ಪಟ್ಟಣದ ಮಾತು. ಹಳ್ಳಿಗೆ ಕಂದಾಯದ ಗೆರೆಯೇ ವಲಯದ ಗೆರೆ ಆಯ್ತು.

4/6

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಮುಂಬೈ ಕಡೆಯಿಂದ ಬಂದವರಿಗೆ ಒಂದು ಕಂದಾಯ ಕಾನೂನು, ಹೈದರಾಬಾದ್ ಕಡೆಯವರಿಗೆ ಒಂದು, ಹಳೇ ಮೈಸೂರಿಗೆ ಇನ್ನೊಂದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಎಲ್ಲವನ್ನೂ ಒಂದು ಮಾಡಿತು. ಹಳೇ 65ನೇ ಕಲಮು ಇದರಲ್ಲಿ 95 ಆಗಿ ಕೂತಿತು, 66 ಹೋಗಿ 96 ಆಯ್ತು. ನಂಬರ್ ಬದಲಾಯ್ತು, ಒಳಗಿನ ವಿಚಾರ ಅದೇ.

ಭೀಮಾ ಹೊಳಿ ಆಚೆ ದಂಡಿಗೆ ಸೋಲಾಪುರ ಜಿಲ್ಲೆ. ಅವರಿಗೂ ನಮಗೂ 1879ರ ಸಂಹಿತೆಯೇ ತಾಯಿ. ಅವರದು ಮುಂದೆ 1966ರ ಮಹಾರಾಷ್ಟ್ರ ಸಂಹಿತೆ ಆಯ್ತು. ಅಲ್ಲಿ ಆಮೇಲೆ ಮಾಡಿದ ತಿದ್ದುಪಡಿ ಪ್ರಕಾರ, ಗಾಂವಠಾಣದ ಗೆರೆಯಿಂದ 200 ಮೀಟರ್ ಒಳಗಿನ ಜಮೀನನ್ನ ವಾಸಕ್ಕೆ ಅಂತ ನಿಗದಿ ಹಣ ತುಂಬಿ ಬಳಸಬಹುದು. ಬೇರೆ ಎನ್ಎ ಅಪ್ಪಣೆ ಬೇಕಿಲ್ಲ. ಊರು ಬೆಳೀತದೆ ಅಂತ ಒಪ್ಪಿಕೊಂಡ ಗೆರೆ ಅದು.

ಈಗ ನಮ್ಮ ಕಡೆ ಬರ್ರಿ. ಇಂಡಿ ತಾಲ್ಲೂಕು ಅಂದ್ರೆ ನಿಂಬಿ ತೋಟ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದ್ದು ನೀವೆಲ್ಲ ಸ್ಟೋರಿ ಹಾಕಿದ್ರಿ. ತೋಟ ಇದ್ದಲ್ಲಿ ಮನುಷ್ಯಾ ಇರಬೇಕು. ನೀರು ಬಿಡೋದು, ಕಾಯಿ ಹರಿಯೋದು, ಕರೆಂಟ್ ಬಂದಾಗ ರಾತ್ರಿ ಮೋಟರ್ ಚಾಲೂ ಮಾಡೋದು. ಹಂಗಾಗಿ ತಾಂಬಾದಾಗಲಿ, ಸುತ್ತಲ ಊರಾಗಲಿ, ಮಂದಿ ತೋಟದ ವಸ್ತಿ ಮ್ಯಾಲೆ ಮನಿ ಮಾಡ್ಯಾರ. ಮೊದಲು ಒಂದು ಪತ್ರಾಸು ಶೆಡ್ಡು. ಆಮೇಲೆ ಅಣ್ಣ-ತಮ್ಮ ಬ್ಯಾರೆ ಆದಾಗ ಪಕ್ಕದಲ್ಲಿ ಎರಡು ಖೋಲಿ. ಆಮೇಲೆ ಸ್ಲ್ಯಾಬ್.

ಕಾನೂನಿನಲ್ಲಿ ಇದಕ್ಕೂ ಒಂದು ಶಬ್ದ ಐತಿ: ತೋಟದ ಮನೆ. 95ನೇ ಕಲಮಿಗೆ ಆಮೇಲೆ ಸೇರಿಸಿದ ವಿವರಣೆ ಪ್ರಕಾರ, ಅದು ಹೊಲಕ್ಕೆ ಹೊಂದಿದ ಮನೆ, ರೈತ ವಾಸ ಮಾಡಲಿಕ್ಕೆ ಅಥವಾ ಸಾಮಾನು ಇಡಲಿಕ್ಕೆ, ದನ ಕಟ್ಟಲಿಕ್ಕೆ. ಅವನ ಒಟ್ಟು ಹಿಡುವಳಿಯ ಶೇ. 10ಕ್ಕಿಂತ ಹೆಚ್ಚು ಜಾಗ ತಗೋಬಾರದು. ವ್ಯಾಪಾರಕ್ಕೆ ಬಾಡಿಗಿ ಕೊಡಂಗಿಲ್ಲ. ಲೆಕ್ಕ ಹಾಕ್ರಿ: ಎರಡು ಎಕರೆ ಇದ್ದವನಿಗೆ 80 ಗುಂಟೆ, ಅದರಲ್ಲಿ ಹತ್ತನೇ ಒಂದು ಅಂದ್ರೆ 8 ಗುಂಟೆ. ಸಾಲತೈತಿ. ಮೂರು ಮಕ್ಕಳಿಗೆ ಪಾಲಾಗಿ ಒಬ್ಬೊಬ್ಬರಿಗೆ 20-30 ಗುಂಟೆ ಉಳಿದಾಗ? ಎರಡು, ಮೂರು ಗುಂಟೆ. ಅದರಲ್ಲೇ ಮನಿ, ಗ್ವಾದಲಿ, ಹೊಟ್ಟಿನ ಬಣವಿ. ಇನ್ನು ಅದೇ ವಸ್ತಿಯಲ್ಲಿ ತಂಗಿ ಬ್ಯೂಟಿ ಪಾರ್ಲರ್ ಇಟ್ರೆ, ಅದು ತೋಟದ ಮನೆಯೋ, ಅಂಗಡಿಯೋ? ಈ ಪ್ರಶ್ನೆ ಹೊಸದು, ಉತ್ತರ ಕೊಡೋ ಶಬ್ದ ಹಳೇದು.

5/6

ಇದು ಸಣ್ಣದು, ಆದ್ರೂ ಬಿಡಾಕ ಮನಸ್ಸಾಗಲಿಲ್ಲ. 1970ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕಾರ ಆದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 'ಕಟ್ಟಡ' ಅನ್ನೋದಕ್ಕೆ ಉದ್ದ ಅರ್ಥ ಐತಿ. ಯಾವ ಉದ್ದೇಶಕ್ಕಾಗಲಿ, ಯಾವ ಸಾಮಗ್ರಿಯಿಂದಾಗಲಿ ಕಟ್ಟಿದ್ದು. ಮನುಷ್ಯಾ ವಾಸ ಇರಲಿ ಬಿಡಲಿ. ಬುನಾದಿ, ಗೋಡೆ, ಮಾಳಿಗಿ, ಅಷ್ಟೇ ಅಲ್ಲ, ಸ್ಥಿರವಾಗಿ ಕಟ್ಟಿದ ಜಗಲಿ ಕೂಡ. ಅಂದ್ರೆ ಸಂಜಿ ಮುಂದ ಹಿರಿಯರು ಕೂತು ರಾಜಕೀಯ ಮಾತಾಡೋ ನಮ್ಮ ಮನಿ ಮುಂದಿನ ಕಟ್ಟಿ ಸಂಹಿತೆಯ ಪ್ರಕಾರ ಕಟ್ಟಡದ ಭಾಗ. ಡೇರೆ, ಶಾಮಿಯಾನ ಮಾತ್ರ ಕಟ್ಟಡ ಅಲ್ಲ ಅಂತ ಬಿಡಿಸಿ ಬರೆದಾರ, ಸಮಾರಂಭಕ್ಕೆ ತಾತ್ಕಾಲಿಕವಾಗಿ ಹಾಕಿದ್ರೆ. ಓಣಿ ತುಂಬ ಪೆಂಡಾಲ್ ಹಾಕಿ ಮದುವಿ ಮಾಡಿದವರಿಗೆ ಸಮಾಧಾನ.

6/6

ಗೆರೆಯ ಹೊರಗೆ ಒಂದೊಂದು ಮನೆ ಇದ್ದವರ ಕಥೆ ಇಷ್ಟು. ಇಡೀ ಊರೇ ಗೆರೆಯ ಹೊರಗಿದ್ರೆ?

ತಾಂಡಾ ಅಂದ್ರೆ ಮೊದಲು ಜಾಗದ ಹೆಸರಲ್ಲ, ತಂಡದ ಹೆಸರು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರಿಂದೂರಿಗೆ ಹೋಗೋ ಲಂಬಾಣಿಗರ ಗುಂಪು. ರೈಲು ಬಂದು ಆ ವ್ಯಾಪಾರ ಕುಸಿದ ಮೇಲೆ ಅವರು ಅಲ್ಲಲ್ಲಿ ನೆಲೆ ನಿಂತರು, ಕಂದಾಯ ಊರಿನಿಂದ ದೂರ. ಕಂದಾಯದ ಪುಸ್ತಕಕ್ಕೆ ಗೊತ್ತಿದ್ದದ್ದು ಊರು ಮತ್ತು ಹೊಲ, ಎರಡೇ. ತಾಂಡಾ ಊರಲ್ಲ, ಯಾಕಂದ್ರೆ ಅದಕ್ಕೆ ಗಾಂವಠಾಣ ಇಲ್ಲ. ಹಂಗಾಗಿ ಅದು ಹೊಲ. ಯಾರದೋ ಸರ್ವೆ ನಂಬರಿನೊಳಗೆ, ಇಲ್ಲಾ ಸರ್ಕಾರಿ ಜಮೀನಿನೊಳಗೆ ನೂರಾರು ಮನೆ, ಗುಡಿ, ಮತಗಟ್ಟೆ, ಅಂಗನವಾಡಿ, ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದ ಎರಡು ಮೂರು ತಲೆಮಾರು. ಓಟು ಹಾಕಿದರು, ಮನಿ ಮಾತ್ರ ಕಾಗದದಲ್ಲಿ ಕಾಣಲಿಲ್ಲ. ಗೊಲ್ಲರಹಟ್ಟಿ, ಇನ್ನೂ ಕೆಲವು ಹಟ್ಟಿ-ಕ್ಯಾಂಪುಗಳದೂ ಇದೇ ಕಥೆ.

ಕೊನೆಗೆ ಕಾನೂನು ಇದಕ್ಕೂ ಒಂದು ಹೆಸರು ಕೊಟ್ಟಿತು: ದಾಖಲೆರಹಿತ ಜನವಸತಿ. ಹೆಸರು ಬಂದ ಮೇಲೆ ಕಲಮು ಬಂತು. ಭೂಸುಧಾರಣಾ ಕಾಯ್ದೆಗೆ 38ಎ ಸೇರಿತು, ಖಾಸಗಿ ಜಮೀನಿನ ಮೇಲಿರೋ ಇಂಥ ಜನವಸತಿಗಳ ಮನೆಗಳನ್ನ ವಾಸ ಇರೋರ ಹೆಸರಿಗೆ ಮಾಡಲಿಕ್ಕೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಹಕ್ಕುಪತ್ರ ಹಂಚಿಕೆ ಆಯ್ತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ನಮ್ಮ ವಿಜಯಪುರ, ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ಜನವಸತಿಗಳು ಹೊಸ ಕಂದಾಯ ಗ್ರಾಮ ಅಂತ ಘೋಷಣೆಯಾಗಿದ್ದವು. 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ. ಯಾವ ಪಕ್ಷಕ್ಕೆ ಎಷ್ಟು ಹೆಸರು ಹೋಗಬೇಕು ಅನ್ನೋ ಜಗಳ ಇಲ್ಲಿ ಬ್ಯಾಡ. ನನಗೆ ಕಂಡದ್ದು ಬ್ಯಾರೆ: ಅವತ್ತು ಒಂದು ಇಟ್ಟಂಗಿಯೂ ಹೊಸದಾಗಿ ಇಡಲಿಲ್ಲ, ಮನೆಗಳು ಇದ್ದಲ್ಲೇ ಇದ್ದವು. ಬದಲಾದದ್ದು ಅವುಗಳನ್ನ ಕರೆಯೋ ಶಬ್ದ. ಶಬ್ದ ಬದಲಾದ ಮೇಲೆ ಅದೇ ಮನಿ ಮೇಲೆ ಸಾಲ ಕೇಳಾಕ ದಾರಿ ಆಯ್ತು.

ಈಗ ಊರೊಳಗಿನ ಆ ಅಳೆಯದ ತುಂಡಿನ ಸರದಿ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಮನೆ ಮನೆ ಅಳತೆ ಮಾಡತಾರ. ಪ್ರಯೋಗಕ್ಕೆ ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರೋ ಮುಂಚೆ ಪ್ರತಿ ಆಸ್ತಿಯ ಸುತ್ತ ಸುಣ್ಣದ ಗೆರೆ ಹಾಕತಾರ, ಮೇಲಿಂದ ಫೋಟೋದಲ್ಲಿ ಕಾಣಲಿ ಅಂತ. ಗೆರೆ ಎಲ್ಲಿ ಬೀಳಬೇಕು ಅನ್ನೋದು ಅಲ್ಲಿ ನಿಂತವರು ತೋರಿಸಿದ ಮೇಲೆ. ನಿಮ್ಮ ಊರಾಗ ಅಳತೆ ಇನ್ನೂ ಬಾಕಿ ಇದ್ರೆ, ಅವತ್ತು ಕಾಲೇಜಿಗೆ ಚಕ್ಕರ್ ಹೊಡೀರಿ. ಅಜ್ಜ ಒಬ್ಬನೇ ನಿಂತರೆ ಪಕ್ಕದ ಮನಿಯವನ ದನಿ ದೊಡ್ಡದಾಗತೈತಿ. ಕಟ್ಟಿ ಒಳಗ ಬರತೈತೋ ಹೊರಗೋ ಅಂತ ಅಲ್ಲೇ ಕೇಳ್ರಿ. ಆಮೇಲೆ ಕರಡು ನಕ್ಷೆ ಬಂದಾಗ ತಕರಾರು ಹಾಕಾಕ ಅವಕಾಶ ಇರತೈತಿ, ಆ ದಿನಾಂಕ ತಪ್ಪಿಸಬ್ಯಾಡ್ರಿ.

ನಮೂನೆ 9 ಇದ್ದವರು, 11ಬಿ ಇದ್ದವರು, ಎರಡೂ ಇಲ್ಲದವರು, ಕಮೆಂಟಿನ್ಯಾಗ ಬರೀರಿ. ಸರ್ವೆ ನಂಬರ್ ಮಾತ್ರ ಹಾಕಬ್ಯಾಡ್ರಿ ಮಾರಾಯ್ರೆ, ಪ್ಲಾಟಿನ ದಲ್ಲಾಳಿಗಳೂ ಈ ಪೇಜ್ ಫಾಲೋ ಮಾಡ್ತಾರ.

#ತಾಂಬಾ #ಇಂಡಿ #ವಿಜಯಪುರ #ಗಾಂವಠಾಣ #ನಮ್ಮೂರಇತಿಹಾಸ