ಬಾಣಂತಿ ಕೋಣೆಯ ಹರಿವಾಣ

ತಂಗಿಯ ಬಾಣಂತನಕ್ಕೆಂದು ದೊಡ್ಡಮ್ಮ ತಿಪಟೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸ್ಟೀಲ್ ಡಬ್ಬಿಯೊಂದು ನಮ್ಮ ಅಡುಗೆಮನೆಯಲ್ಲಿ ಇನ್ನೂ ಇದೆ. ಅದರಲ್ಲಿದ್ದದ್ದು ಅಂಟಿನುಂಡೆ. ಕೊಬ್ಬರಿ, ಉತ್ತುತ್ತೆ, ಗಸಗಸೆ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ. ಉಂಡೆಗಳು ಹದಿನೈದು ದಿನಕ್ಕೆ ಮುಗಿದವು. ಡಬ್ಬಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ದೊಡ್ಡಮ್ಮನ ಹೆಸರು ಮಾತ್ರ ಹಾಗೇ ಇದೆ. ಊಟದ ಚರಿತ್ರೆ ಬರೆಯ ಹೊರಟವರ ಕಷ್ಟವೂ ಇದೇ. ತಿಂದದ್ದು ಕರಗಿಹೋಗುತ್ತದೆ, ಪಾತ್ರೆ ಉಳಿಯುತ್ತದೆ. ಪಾತ್ರೆಯಾದರೂ ಎಲ್ಲರ ಮನೆಯದ್ದು ಉಳಿಯುವುದಿಲ್ಲ.

ಬಾಣಂತಿಗೆ ಊಟ ಹೊತ್ತು ತಂದ ಪಾತ್ರೆಗಳು ಸಾಕಷ್ಟು ಸಂಖ್ಯೆಯಲ್ಲಿ ಉಳಿದು, ಇವತ್ತು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳ ಗೋಡೆ ಏರಿರುವುದು ನನಗೆ ತಿಳಿದಂತೆ ಇಟಲಿಯ ಫ್ಲಾರೆನ್ಸಿನದ್ದು. ಅಲ್ಲಿನವರು ಅವನ್ನು ‘ದೆಸ್ಕೊ ದಾ ಪಾರ್ತೊ’ ಎಂದು ಕರೆಯುತ್ತಿದ್ದರು. ಪಾರ್ತೊ ಎಂದರೆ ಹೆರಿಗೆ. ಹೆರಿಗೆಯ ಹರಿವಾಣ ಎನ್ನೋಣ. ಮರದ ತಟ್ಟೆ, ಕೆಲವು ದುಂಡಗೆ, ಕೆಲವು ಹನ್ನೆರಡು ಮೂಲೆಯವು. ಸುತ್ತ ಎತ್ತರದ ಅಂಚು, ಎರಡೂ ಬದಿಗೆ ಬಣ್ಣದ ಚಿತ್ರ. ಇದರ ಮೇಲೆ ಊಟ, ಹಣ್ಣು, ಸಿಹಿ ಇಟ್ಟು ಬಾಣಂತಿಯ ಮಂಚದ ಬಳಿಗೆ ಒಯ್ಯುತ್ತಿದ್ದರು. ಆಮೇಲೆ ಅದನ್ನು ಮಲಗುವ ಕೋಣೆಯ ಗೋಡೆಗೆ ನೇತುಹಾಕುತ್ತಿದ್ದರು.

ಇವುಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಚೌಕಟ್ಟೂ ಸೇರಿ ಸುಮಾರು 3 ಅಡಿ ಅಗಲ. ನಡುವೆ ಕೀರ್ತಿದೇವತೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪುಟ್ಟ ಮನ್ಮಥ. ಸುತ್ತ ಕುದುರೆ ಏರಿದ ಯೋಧರು ಕೈ ಚಾಚಿ ಅವಳಿಗೆ ನಿಷ್ಠೆಯ ಪ್ರಮಾಣ ಮಾಡುತ್ತಿದ್ದಾರೆ. ನೋಡಿದರೆ ಇದು ಊಟದ ತಟ್ಟೆ ಎಂದು ಅನ್ನಿಸುವುದೇ ಇಲ್ಲ. ಬರೆದವನು ಸ್ಕೆಜ್ಜಾ ಎಂಬ ಅಡ್ಡಹೆಸರಿನ ಜೊವಾನ್ನಿ, ಪ್ರಖ್ಯಾತ ಚಿತ್ರಕಾರ ಮಸಾಚಿಯೊನ ತಮ್ಮ. 1449ರ ಜನವರಿ 1ರಂದು ಹುಟ್ಟಿದ ಲೊರೆಂಜೊ ದೆ ಮೆದಿಚಿಯ ಜನನಕ್ಕಾಗಿ ಮಾಡಿಸಿದ್ದು. ಮುಂದೆ ಫ್ಲಾರೆನ್ಸನ್ನೇ ಆಳಿದ, ಕಲಾವಿದರನ್ನೂ ಕವಿಗಳನ್ನೂ ಪೋಷಿಸಿದ ಲೊರೆಂಜೊ ಇವನೇ. ತಟ್ಟೆಯ ಹಿಂಬದಿಯಲ್ಲಿ ತಂದೆ ಪಿಯೆರೊನ ಲಾಂಛನವಾದ ವಜ್ರದುಂಗುರ ಮತ್ತು ಗರಿಗಳ ಜೊತೆಗೆ ಎರಡು ಮನೆತನಗಳ ಗುರುತುಗಳಿವೆ. ಒಂದು ಮೆದಿಚಿಯವರದು, ಇನ್ನೊಂದು ತಾಯಿಯ ತವರಾದ ತೊರ್ನಬುವೊನಿಯವರದು. ನಮ್ಮ ಡಬ್ಬಿಯ ಮೇಲಿನ ಹೆಸರು ಅದು ವಾಪಸು ಬರಲಿ ಎಂದು ಕೆತ್ತಿಸಿದ್ದು. ಇವರದು ಬಂದ ನೆಂಟರೆಲ್ಲ ನೋಡಲಿ ಎಂದು ಬರೆಸಿದ್ದು.

ತಟ್ಟೆಯ ಮೇಲೆ ಇರುತ್ತಿದ್ದುದೇನು? ಅಲ್ಲಿನ ಗಂಡಸರು ಮನೆಯ ಖರ್ಚುವೆಚ್ಚವನ್ನು ಬರೆದಿಡುತ್ತಿದ್ದ ಪುಸ್ತಕಗಳು ನೂರಾರು ಉಳಿದಿವೆ. ಮಗಳ ಮದುವೆಗೆ ಎಷ್ಟು, ಹೊಲಕ್ಕೆ ಎಷ್ಟು ಎಂಬುದರ ನಡುವೆ ಹೆರಿಗೆಯ ಲೆಕ್ಕವೂ ಬರುತ್ತದೆ. ಕೋಳಿ, ಮೊಟ್ಟೆ, ಒಳ್ಳೆಯ ವೈನ್, ಸಕ್ಕರೆ ಸುತ್ತಿದ ಬಾದಾಮಿ, ಪೈನ್ ಬೀಜದ ಮಿಠಾಯಿ. ಕೋಳಿ ಬೇಯಿಸಿದ ರಸ ಬಾಣಂತಿಯ ಮೊದಲ ದಿನಗಳ ಊಟ. ಇದರ ಹಿಂದಿನ ವೈದ್ಯ ಕೇಳಿದರೆ ನಮ್ಮ ಅಜ್ಜಿಯರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಹೆಣ್ಣಿನ ದೇಹ ಮೂಲತಃ ಶೀತ, ರಕ್ತ ಹೋದ ಮೇಲೆ ಇನ್ನೂ ಶೀತ. ಆದ್ದರಿಂದ ಬೆಚ್ಚಗಿನದು, ಬೇಗ ಅರಗುವಂಥದು ಕೊಡಬೇಕು. ಕಾಳುಮೆಣಸಿನ ಸಾರು ಕುಡಿಸುವ ನಮ್ಮವರೂ, ಕೋಳಿರಸ ಕುಡಿಸಿದ ಅವರೂ ಒಂದೇ ಬಗೆಯ ತರ್ಕದವರು. ಸಕ್ಕರೆಯೂ ಆಗ ಔಷಧಿಯೇ. ಅದನ್ನು ಮಾರುತ್ತಿದ್ದವರು ಔಷಧಿ ಅಂಗಡಿಯವರು, ಚಿತ್ರಕಾರರಿಗೆ ಬಣ್ಣದ ಪುಡಿ ಮಾರುತ್ತಿದ್ದವರೂ ಅವರೇ. ಫ್ಲಾರೆನ್ಸಿನಲ್ಲಿ ವೈದ್ಯರು, ಔಷಧಿ ವ್ಯಾಪಾರಿಗಳು, ಚಿತ್ರಕಾರರು ಎಲ್ಲ ಒಂದೇ ವೃತ್ತಿಸಂಘಕ್ಕೆ ಸೇರಿದ್ದರು. ಹರಿವಾಣದ ಬಣ್ಣವೂ ಅದರ ಮೇಲಿನ ಮಿಠಾಯಿಯೂ ಒಂದೇ ಅಂಗಡಿಯಿಂದ ಬಂದಿದ್ದರೆ ಸೋಜಿಗವಿಲ್ಲ.

ಇಷ್ಟು ಸಡಗರ ಯಾಕೆ ಎಂದು ಕೇಳಿದರೆ 1348ಕ್ಕೆ ಹೋಗಬೇಕು. ಆ ವರ್ಷದ ಪ್ಲೇಗಿನಲ್ಲಿ ಊರಿನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಜನ ಸತ್ತರು. ಅದು ಒಂದೇ ಸಲಕ್ಕೆ ಮುಗಿಯಲಿಲ್ಲ. ಮುಂದಿನ ನೂರು ವರ್ಷ ಮತ್ತೆ ಮತ್ತೆ ಬಂದು ಮಕ್ಕಳನ್ನು ಕೊಂಡೊಯ್ದಿತು. ಬಣ್ಣದ ಹರಿವಾಣಗಳು ಕಾಣಿಸಿಕೊಳ್ಳತೊಡಗುವುದು ಆ ಪ್ಲೇಗಿನ ನಂತರದ ದಶಕಗಳಲ್ಲಿ. 1999ರಲ್ಲಿ ಈ ವಸ್ತುಗಳ ಬಗ್ಗೆಯೇ ಪುಸ್ತಕ ಬರೆದ ಜಾಕ್ವೆಲಿನ್ ಮುಸಾಕ್ಕಿಯೊ ಇವೆರಡನ್ನೂ ಜೋಡಿಸಿ ನೋಡುತ್ತಾರೆ. ಮನೆಗಳು ಖಾಲಿಯಾಗುತ್ತಿದ್ದಾಗ ಹೆರಬಲ್ಲ ಹೆಣ್ಣು ಮನೆತನದ ಭರವಸೆಯಾದಳು. ಅವಳನ್ನು ಹುರಿದುಂಬಿಸುವ, ಗೌರವಿಸುವ, ಒತ್ತಾಯಿಸುವ ಕೆಲಸವನ್ನೂ ಈ ತಟ್ಟೆಗಳು ಮಾಡಿದವು. ನನಗೆ ಈ ವಾದ ಒಪ್ಪಿಗೆ. ಆದರೆ ಹುರಿದುಂಬಿಸುವುದಕ್ಕೂ ಒತ್ತಾಯಕ್ಕೂ ನಡುವಿನ ಗೆರೆ ಎಲ್ಲಿತ್ತು ಎಂಬುದನ್ನು ಹೆತ್ತವಳೇ ಹೇಳಬೇಕಿತ್ತು. ಲೆಕ್ಕದ ಪುಸ್ತಕ ಬರೆದವರು ಗಂಡಂದಿರು.

1428ರಲ್ಲಿ ಬಾರ್ತೊಲೊಮೆಯೊ ದಿ ಫ್ರುವೊಸಿನೊ ಬರೆದ ಒಂದು ಹರಿವಾಣವಿದೆ. ಮೇಲ್ಮುಖದಲ್ಲಿ ಹೆರಿಗೆಮನೆ: ಮಂಚದ ಮೇಲೆ ಕುಳಿತ ತಾಯಿ, ಮಗುವನ್ನು ನೋಡಿಕೊಳ್ಳುವ ಹೆಂಗಸರು, ಬಾಗಿಲಿಗೆ ಬಂದ ಅತಿಥಿಗಳು. ನಮ್ಮ ಯಾವ ಊರಿನ ಬಾಣಂತಿ ಕೋಣೆಯೂ ಆಗಬಹುದಾದ ಗಲಾಟೆ. ತಟ್ಟೆ ತಿರುಗಿಸಿದರೆ ಒಬ್ಬ ಬೆತ್ತಲೆ ಗಂಡು ಮಗು, ಅವನು ಉಚ್ಚೆಯಾಗಿ ಚಿನ್ನ ಬೆಳ್ಳಿ ಸುರಿಸುತ್ತಿದ್ದಾನೆ. ಸುತ್ತ ಬರಹ: ಹೆರುವ ಹೆಣ್ಣುಗಳಿಗೆಲ್ಲ ದೇವರು ಆರೋಗ್ಯ ಕೊಡಲಿ, ಆಯಾಸವೂ ಅಪಾಯವೂ ಇಲ್ಲದೆ ಮಗು ಹುಟ್ಟಲಿ ಎಂಬ ಅರ್ಥದ ಹಾರೈಕೆ. ಊಟ ಮುಗಿದು ತಟ್ಟೆ ಬರಿದಾದಾಗ ತಾಯಿಗೆ ಕಾಣುವುದು ಹೆರಿಗೆಯ ಚಿತ್ರ. ಗೋಡೆಗೆ ಬೆನ್ನು ಮಾಡಿ ನಿಂತದ್ದು ಗಂಡು ಮಗು ಮತ್ತು ಆ ಭಯ. ಚಿನ್ನ ಸುರಿಸುವ ಹೆಣ್ಣು ಮಗುವನ್ನು ಬರೆಸಿದವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಭಯ ಸುಮ್ಮನೆ ಬಂದದ್ದಲ್ಲ. ಮತ್ತೆ ಲೊರೆಂಜೊನ ಮನೆಗೇ ಹೋಗೋಣ. ಅವನ ತಾಯಿ ಲುಕ್ರೇಝಿಯಾ ತೊರ್ನಬುವೊನಿ, ಸ್ವತಃ ಭಕ್ತಿಕಾವ್ಯ ಬರೆದವಳು. ಆಕೆ ಬಾಣಂತನ ಮುಗಿಸಿ ಎದ್ದು ಮಕ್ಕಳನ್ನು ಬೆಳೆಸಿದಳು. ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಜೊವಾನ್ನಿ ತೊರ್ನಬುವೊನಿ ರೋಮಿನಲ್ಲಿ ಮೆದಿಚಿ ಬ್ಯಾಂಕಿನ ವ್ಯವಹಾರ ನೋಡುತ್ತಿದ್ದ. 1477ರಲ್ಲಿ ಅವನ ಹೆಂಡತಿ ಫ್ರಾಂಚೆಸ್ಕಾ ಪಿತ್ತಿ ಹೆರಿಗೆಯಲ್ಲಿ ತೀರಿಕೊಂಡಳು. ಅವನು ದುಃಖ ತೋಡಿಕೊಂಡು ಕಾಗದ ಬರೆದದ್ದು ಸೋದರಳಿಯ ಲೊರೆಂಜೊನಿಗೆ. ಕೀರ್ತಿದೇವತೆಯ ಹರಿವಾಣ ಆಗ ಆ ಅಳಿಯನ ಮನೆಯಲ್ಲೇ ಇತ್ತು.

ಎಂಟು ವರ್ಷದ ಮೇಲೆ, 1485ರಲ್ಲಿ, ಇದೇ ಜೊವಾನ್ನಿ ಫ್ಲಾರೆನ್ಸಿನ ಸಾಂತ ಮರಿಯಾ ನೊವೆಲ್ಲಾ ಚರ್ಚಿನ ಮುಖ್ಯ ಪ್ರಾರ್ಥನಾ ಕೋಣೆಗೆ ಭಿತ್ತಿಚಿತ್ರ ಬರೆಸಲು ಚಿತ್ರಕಾರ ಘಿರ್ಲಾಂಡಾಯೊನನ್ನು ಗೊತ್ತುಮಾಡಿದ. ಒಂದು ಗೋಡೆಗೆ ಮೇರಿಯ ಕಥೆ, ಎದುರಿನದಕ್ಕೆ ಸಂತ ಯೋಹಾನನ ಕಥೆ. ಎರಡರಲ್ಲೂ ಒಂದೊಂದು ಹೆರಿಗೆಮನೆ ಬರುತ್ತದೆ. ಯೋಹಾನನ ತಾಯಿ ಎಲಿಸಬೆತ್ ಮಂಚದ ಮೇಲೆ ಒರಗಿದ್ದಾಳೆ, ಸಿರಿವಂತ ಹೆಂಗಸರು ಒಳಗೆ ಬಂದು ನಿಂತಿದ್ದಾರೆ, ಅವರ ಹಿಂದೆ ಬಲಗಡೆಯಿಂದ ಹುಡುಗಿಯೊಬ್ಬಳು ತಲೆಯ ಮೇಲೆ ಹಣ್ಣಿನ ತಟ್ಟೆ ಹೊತ್ತು, ಕೈಯಲ್ಲಿ ವೈನಿನ ಬುಂಡೆ ಹಿಡಿದು ಬಿರುಗಾಳಿಯಂತೆ ನುಗ್ಗುತ್ತಾಳೆ. ಉಳಿದವರೆಲ್ಲ ಕಂಬದಂತೆ ನಿಂತಿರುವಾಗ ಇವಳೊಬ್ಬಳ ಬಟ್ಟೆ ಮಾತ್ರ ಹಾರಾಡುತ್ತದೆ. 1900ರ ಹೊತ್ತಿಗೆ ಕಲಾ ಇತಿಹಾಸಕಾರ ಅಬಿ ವಾರ್ಬರ್ಗ್ ಇವಳ ಬೆನ್ನುಹತ್ತಿದ. ಪ್ರಾಚೀನ ಗ್ರೀಸಿನ ಅಪ್ಸರೆಯೊಬ್ಬಳು ಕ್ರೈಸ್ತರ ಬಾಣಂತಿ ಕೋಣೆಗೆ ಹೇಗೆ ಬಂದಳು ಎಂಬುದು ಅವನ ಪ್ರಶ್ನೆ. ಅದರಿಂದ ದೊಡ್ಡ ವಿದ್ವತ್ತೇ ಬೆಳೆಯಿತು. ನನ್ನ ಗಮನ ಅವಳ ಬಟ್ಟೆಗಿಂತ ತಲೆಯ ಮೇಲಿನ ತಟ್ಟೆಯ ಕಡೆಗೆ. ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡವನು ದುಡ್ಡು ಕೊಟ್ಟು ಬರೆಸಿದ ಗೋಡೆಯಲ್ಲಿ, ಹೆತ್ತವಳು ಬದುಕಿದ್ದಾಳೆ, ಅವಳಿಗೆ ಊಟ ಬರುತ್ತಿದೆ, ತಡವಾಗಬಾರದೆಂದು ಹುಡುಗಿ ಓಡುತ್ತಿದ್ದಾಳೆ.

ಕೆಲಸ ನಡೆಯುತ್ತಿರುವಾಗಲೇ ಆ ಮನೆಗೆ ಇನ್ನೊಂದು ಪೆಟ್ಟು ಬಿತ್ತು. ಜೊವಾನ್ನಿಯ ಸೊಸೆ ಜೊವಾನ್ನಾ ದೆಲಿ ಅಲ್ಬಿತ್ಸಿ 1487ರಲ್ಲಿ ಮೊದಲ ಮಗನನ್ನು ಹೆತ್ತು, 1488ರಲ್ಲಿ ಎರಡನೆಯ ಬಸಿರಿನಲ್ಲಿ ತೀರಿಕೊಂಡಳು. ಘಿರ್ಲಾಂಡಾಯೊ ಅವಳನ್ನು ಅದೇ ಗೋಡೆಯಲ್ಲಿ, ಬಸುರಿಯರಾದ ಮೇರಿ ಮತ್ತು ಎಲಿಸಬೆತ್ ಭೇಟಿಯಾಗುವ ದೃಶ್ಯದ ಪಕ್ಕದಲ್ಲಿ, ಬಂಗಾರದ ಬಣ್ಣದ ಉಡುಪಿನಲ್ಲಿ ನಿಲ್ಲಿಸಿದ. 1490ರಲ್ಲಿ ಚಿತ್ರಗಳು ಮುಗಿದಾಗ ಅದನ್ನು ನೋಡಲು ಅವಳಿರಲಿಲ್ಲ.

ಇಲ್ಲಿ ನಮಗೂ ಅವರಿಗೂ ಇರುವ ಒಂದು ವ್ಯತ್ಯಾಸ ಹೇಳಲೇಬೇಕು. ನಮ್ಮ ಬಾಣಂತಿಗೆ ಬರುವ ಊಟದ ಅರ್ಧ ಪಾಲು ಮಗುವಿನ ಹಾಲಿಗೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಲ್ಲ ‘ಹಾಲು ಚೆನ್ನಾಗಿ ಬರಲಿ’ ಎಂದೇ. ಫ್ಲಾರೆನ್ಸಿನ ಅನುಕೂಲಸ್ಥರ ಮನೆಯಲ್ಲಿ ಆ ಮಾತಿಲ್ಲ. ಅಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಹಾಲೂಡಿಸುವ ದಾದಿಯ ಪಾಲಾಗುತ್ತಿತ್ತು, ಬಹಳ ಸಲ ಊರಾಚೆಯ ಹಳ್ಳಿಯಲ್ಲಿ. ಕ್ರಿಸ್ಟಿಯಾನ್ ಕ್ಲಾಪಿಶ್-ಝುಬೇರ್ ಎಂಬ ಇತಿಹಾಸಕಾರ್ತಿ ಅದೇ ಲೆಕ್ಕದ ಪುಸ್ತಕಗಳನ್ನು ಓದಿ ತೋರಿಸಿದಂತೆ, ಆ ಒಪ್ಪಂದ ಮಾಡಿಕೊಳ್ಳುತ್ತಿದ್ದವರು ಮಗುವಿನ ತಂದೆ ಮತ್ತು ದಾದಿಯ ಗಂಡ. ಹಾಲೂಡಿಸದ ತಾಯಿ ಬೇಗ ಮತ್ತೆ ಬಸುರಿಯಾಗುತ್ತಾಳೆ. ಹಾಗಾದರೆ ಹರಿವಾಣದ ಕೋಳಿರಸ ಅವಳನ್ನು ಗಟ್ಟಿ ಮಾಡುತ್ತಿದ್ದದ್ದು ಯಾವುದಕ್ಕೆ? ಮುಂದಿನ ಹೆರಿಗೆಗೆ.

ದಾದಿಯೂ ಯಾವುದೋ ಮಗುವಿನ ತಾಯಿಯೇ ಅಲ್ಲವೆ? ಹಾಲು ಸುಮ್ಮನೆ ಬರುವುದಿಲ್ಲ. ಪ್ಲೇಗಿನ ನಂತರ ಆಳುಗಳಿಗೆ ಕೊರತೆಯಾದಾಗ, 1360ರ ದಶಕದಲ್ಲಿ, ಕ್ರೈಸ್ತರಲ್ಲದ ಗುಲಾಮರನ್ನು ತರಿಸಿಕೊಳ್ಳಲು ಫ್ಲಾರೆನ್ಸ್ ಕಾನೂನು ಮಾಡಿತು. ಕಪ್ಪು ಸಮುದ್ರದ ಆಚೆಯಿಂದ ಬಂದವರಲ್ಲಿ ಹುಡುಗಿಯರೇ ಹೆಚ್ಚು. ಅವರು ಯಜಮಾನರ ಮನೆಯಲ್ಲಿ ಹೆತ್ತ ಮಕ್ಕಳು ಎಲ್ಲಿ ಹೋದರು ಎಂಬುದಕ್ಕೆ ಒಂದು ಉತ್ತರ ಇನ್ನೊಚೆಂತಿ ಅನಾಥಾಲಯದ ದಾಖಲೆಗಳಲ್ಲಿದೆ. ರೇಷ್ಮೆ ವ್ಯಾಪಾರಿಗಳ ಸಂಘ ಕಟ್ಟಿಸಿದ, ಬ್ರುನೆಲೆಸ್ಕಿ ವಿನ್ಯಾಸ ಮಾಡಿದ ಆ ಚೆಂದದ ಕಟ್ಟಡಕ್ಕೆ 1445ರ ಫೆಬ್ರವರಿ 5ರಂದು ಮೊದಲ ಮಗು ಬಂತು. ಹೆಣ್ಣು, ಅಗಾತಾ ಎಂದು ಹೆಸರಿಟ್ಟರು. ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದ ಕೂಸುಗಳಲ್ಲಿ ಗುಲಾಮ ಹೆಂಗಸರ ಮಕ್ಕಳು ಬಹಳ. ಮಗು ಅಲ್ಲಿ, ತಾಯಿಯ ಹಾಲು ಬೇರೆ ಮನೆಯಲ್ಲಿ. ಆ ತಾಯಂದಿರ ಮಂಚಕ್ಕೆ ಬಂದ ಯಾವ ತಟ್ಟೆಯೂ ಮ್ಯೂಸಿಯಮ್ಮಿನಲ್ಲಿಲ್ಲ. ಘಿರ್ಲಾಂಡಾಯೊನ ಓಡುವ ಹುಡುಗಿಯನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಇದು.

ಹಾಗೆಂದು ಹರಿವಾಣ ಬರೀ ಸಿರಿವಂತರ ವಸ್ತುವಾಗಿರಲಿಲ್ಲ. ಸತ್ತವರ ಮನೆಯ ಸಾಮಾನಿನ ಪಟ್ಟಿಗಳಲ್ಲಿ ಕುಶಲಕರ್ಮಿಗಳ, ಸಣ್ಣ ಅಂಗಡಿಯವರ ಮನೆಯಲ್ಲೂ ಅದು ಸಿಗುತ್ತದೆ. ಹೊಸತು ಕೊಳ್ಳಲಾಗದವರು ಹಳತನ್ನು ಕೊಳ್ಳುತ್ತಿದ್ದರು. 1500ರ ನಂತರ ಮರದ ತಟ್ಟೆಯ ಜಾಗಕ್ಕೆ ಬಣ್ಣದ ಪಿಂಗಾಣಿ ಬಂತು. ಚಿಪ್ರಿಯಾನೊ ಪಿಕೊಲ್‌ಪಾಸ್ಸೊ ಎಂಬವನು 1557ರ ಸುಮಾರಿಗೆ ಕುಂಬಾರಿಕೆಯ ಬಗ್ಗೆ ಬರೆದ ಪುಸ್ತಕದಲ್ಲಿ ಬಾಣಂತಿಯ ಪಾತ್ರೆಗಳನ್ನು ಚಿತ್ರ ಸಮೇತ ವಿವರಿಸುತ್ತಾನೆ. ರಸದ ಬಟ್ಟಲು, ಅದರ ಮೇಲೆ ಮುಚ್ಚಳವೂ ಆಗುವ ರೊಟ್ಟಿಯ ತಟ್ಟೆ, ಅದರ ಮೇಲೆ ಬೋರಲು ಹಾಕಿದ ಕುಡಿಯುವ ಬಟ್ಟಲು, ಉಪ್ಪಿನ ಬಟ್ಟಲು. ಒಂದರ ಮೇಲೊಂದು ಕೂತರೆ ಇಡೀ ಊಟ ಒಂದೇ ಪಾತ್ರೆಯಂತೆ ಕಾಣುತ್ತದೆ. ಥೇಟ್ ನಮ್ಮ ಕ್ಯಾರಿಯರ್. ರಸದ ಬಟ್ಟಲಿನ ಒಳಗೇ ಹೆರಿಗೆಮನೆಯ ಚಿತ್ರ ಬರೆಯುತ್ತಿದ್ದರು. ಕುಡಿಯುತ್ತ ಹೋದಂತೆ ಮಂಚ, ತಾಯಿ, ಕೂಸು ಒಂದೊಂದಾಗಿ ಮೇಲೆ ಕಾಣಿಸಿಕೊಳ್ಳಬೇಕು. ಪೂರ್ತಿ ಕುಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಲೊರೆಂಜೊ 1492ರಲ್ಲಿ ತೀರಿಕೊಂಡ. ಮನೆಯ ಸಾಮಾನು ಪಟ್ಟಿ ಮಾಡಿದವರಿಗೆ ಕೀರ್ತಿದೇವತೆಯ ಹರಿವಾಣ ಸಿಕ್ಕಿದ್ದು ಅವನ ಖಾಸಗಿ ಕೋಣೆಯಲ್ಲಿ. ರಾಜಕಾರಣ ನಡೆಸಿದ, ಅಷ್ಟೊಂದು ಚಿತ್ರ ಶಿಲ್ಪ ಕೂಡಿಹಾಕಿದ ಮನುಷ್ಯ, ಅಮ್ಮನಿಗೆ ಊಟ ಬಂದ ತಟ್ಟೆಯನ್ನು ನಲವತ್ತಮೂರು ವರ್ಷ ತನ್ನ ಬಳಿಯೇ ಇಟ್ಟುಕೊಂಡಿದ್ದ. 1494ರಲ್ಲಿ ಮೆದಿಚಿಗಳು ಊರು ಬಿಡಬೇಕಾಯಿತು. ಮರುವರ್ಷ ಅವರ ಸಾಮಾನು ಹರಾಜಾಯಿತು. ಬಾರ್ತೊಲೊಮೆಯೊ ದಿ ಬಾಂಬೆಲ್ಲೊ ಎಂಬವನು ಆ ಹರಿವಾಣವನ್ನು ಮೂರು ಚಿಲ್ಲರೆ ಫ್ಲೋರಿನ್ ಕೊಟ್ಟು ಕೊಂಡ. ತಟ್ಟೆಯ ಹಿಂದೆ ಇನ್ನೊಬ್ಬರ ಮನೆತನದ ಗುರುತು, ಸೋತು ಓಡಿಹೋದವರದ್ದು. ಅದನ್ನು ಅವನು ಅಳಿಸಲಿಲ್ಲ. ಮನೆಗೆ ತಂದು ಇಟ್ಟುಕೊಂಡ. 1579ರವರೆಗೂ ಅದು ಅವನ ವಂಶದವರ ಬಳಿ ಇತ್ತು.

ದೊಡ್ಡಮ್ಮನ ಡಬ್ಬಿಯನ್ನು ಹಿಂದಿರುಗಿಸಲು ಒಮ್ಮೆ ಒಯ್ದಿದ್ದೆವು. ಖಾಲಿ ಕೊಡಬಾರದೆಂದು ಅಮ್ಮ ಅದರ ತುಂಬ ಚಕ್ಕುಲಿ ಹಾಕಿದ್ದರು. ದೊಡ್ಡಮ್ಮ ಚಕ್ಕುಲಿಯನ್ನು ಬೇರೆ ಪಾತ್ರೆಗೆ ಸುರಿದುಕೊಂಡು, ಡಬ್ಬಿಗೆ ಕೊಬ್ಬರಿ ತುಂಬಿ ವಾಪಸು ಕೊಟ್ಟರು. ‘ಇಟ್ಕೊಳ್ರೇ, ಇನ್ನೊಬ್ಳು ಇದಾಳಲ್ಲ’ ಎಂದರು. ಇನ್ನೊಬ್ಬಳೆಂದರೆ ಚಿಕ್ಕ ತಂಗಿ. ಅವಳಿಗೆ ಆಗ ಹನ್ನೊಂದು ವರ್ಷ.