ಉಳುಕು, ನರ ಎಳೆತಕ್ಕೆ ನೀವಿಸಿಕೊಳ್ಳೋದು: ಯಾವಾಗ ಸರಿ, ಯಾವಾಗ ಅಪಾಯ?

ಶ್ರೀರಂಗಪಟ್ಟಣ: ಕಬ್ಬಿನ ಹೊರೆ ಎತ್ತುವಾಗ ಸೊಂಟ ಹಿಡಿಯೋದು, ಅಂಗಡಿ ಶಟರ್ ಎಳೆಯುವಾಗ ಭುಜ ಚಳುಕು ಅನ್ನೋದು, ನಾಲೆ ಏರಿ ಮೇಲೆ ಕಾಲು ಉಳುಕೋದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆ ಎಲ್ಲರಿಗೂ ಗೊತ್ತಿರುವ ನೋವು. ಆದ ಕೂಡಲೇ ಎಣ್ಣೆ ಬಿಸಿ ಮಾಡಿ ನೀವಿಸಿಕೊಳ್ಳೋದು ವಾಡಿಕೆ. ನೀವೋದರಿಂದ ಉಪಯೋಗ ಇದೆ. ಆದರೆ ಮೊದಲ ಮೂರು ದಿನದೊಳಗೆ ನೀವಿಸಿದರೆ ಸಣ್ಣ ಪೆಟ್ಟು ದೊಡ್ಡದಾಗಬಹುದು.

ಗರಡಿ ಮಾಲೀಸೇ ಬೇರೆ

ಮಾಲೀಸು ನಮ್ಮ ಭಾಗಕ್ಕೆ ಹೊಸದಲ್ಲ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ್ ಸ್ವತಃ ಕುಸ್ತಿಪಟು. ಗರಡಿಗಳಲ್ಲಿ ಸಾಮು ಮಾಡಿದ ಪೈಲ್ವಾನರು ಎಣ್ಣೆ ಮಾಲೀಸು ಮಾಡಿಸಿಕೊಳ್ಳುತ್ತಾರೆ. ಅದು ದಣಿದ ಮೈಗೆ. ಪೆಟ್ಟಾದ ಜಾಗದ ಲೆಕ್ಕ ಬೇರೆ.

‘ನರ’ ಅಂದರೆ ಯಾವುದು?

‘ನರ ಎಳೀತು’ ಅಂತೀವಲ್ಲ, ಬಹಳ ಸಲ ಅದು ನರ ಆಗಿರಲ್ಲ. ಮಾಂಸಖಂಡ, ಇಲ್ಲವೇ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಗಟ್ಟಿ ಹುರಿ. ಡಾಕ್ಟರು ಇದನ್ನು ಟೆಂಡನ್ ಅಂತಾರೆ. ಹಿಮ್ಮಡಿ ಮೇಲೆ ಕೈಗೆ ಸಿಗುವ ಹುರಿ ಅದೇ. ಮಾಂಸಖಂಡಕ್ಕೆ ರಕ್ತ ಚೆನ್ನಾಗಿ ಹರಿಯುತ್ತೆ, ಸಣ್ಣ ಎಳೆತ ಕೆಲವೇ ವಾರದಲ್ಲಿ ವಾಸಿಯಾಗುತ್ತೆ. ಟೆಂಡನ್‌ಗೆ ರಕ್ತ ಕಡಿಮೆ, ತಿಂಗಳುಗಟ್ಟಲೆ ಹಿಡಿಯಬಹುದು.

ಮೊದಲ ಮೂರು ದಿನ

ಪೆಟ್ಟಾದ ಜಾಗದ ಒಳಗೆ ರಕ್ತ ಒಸರುತ್ತಿರುತ್ತೆ. ಆಗ ಉಜ್ಜಿದರೆ, ಶಾಖ ಕೊಟ್ಟರೆ ಊತ ಜಾಸ್ತಿಯಾಗುತ್ತೆ. ತೊಡೆ, ಮೊಣಕೈಗೆ ಬಿದ್ದ ಪೆಟ್ಟನ್ನು ಬಲವಾಗಿ ನೀವಿದರೆ ಮಾಂಸದೊಳಗೇ ಮೂಳೆ ಬೆಳೆದು ಕೀಲು ಮಡಚಲು ಆಗದಂತಾಗಬಹುದು. ಮಕ್ಕಳ ಮೊಣಕೈಗೆ ಪೆಟ್ಟಾದರೆ ನೀವಿಸಲೇಬೇಡಿ, ಡಾಕ್ಟರಿಗೆ ತೋರಿಸಿ.

ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಹದವಾಗಿ ಕಟ್ಟಿ. ಕಾಲಾದರೆ ದಿಂಬಿನ ಮೇಲೆ ಎತ್ತರಕ್ಕೆ ಇಡಿ.

ಊತ ಇಳಿದ ಮೇಲೆ

ಹಗುರವಾಗಿ ನೀವಿದರೆ ಬಿಗಿ ಸಡಿಲವಾಗಿ ನೋವು ಸ್ವಲ್ಪ ಹೊತ್ತು ಇಳಿಯುತ್ತೆ. ಟೆಂಡನ್ ನೋವಿಗೆ ಹುರಿಗೆ ಅಡ್ಡಲಾಗಿ ಬೆರಳಿನಿಂದ ತೀಡುವ ವಿಧಾನವೂ ಇದೆ. ಇದನ್ನು ಪ್ರಚಾರಕ್ಕೆ ತಂದವರು ಇಂಗ್ಲೆಂಡಿನ ಡಾ. ಜೇಮ್ಸ್ ಸಿರಿಯಾಕ್ಸ್. ಆದರೆ ಮೊಣಕೈ, ಮಂಡಿಯ ಟೆಂಡನ್ ನೋವಿಗೆ ಇದು ಕೆಲಸ ಮಾಡುತ್ತೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2014ರ ಕೊಕ್ರೇನ್ ವಿಮರ್ಶೆ ಹೇಳಿದೆ.

ಟೆಂಡನ್ ಗಟ್ಟಿಯಾಗೋದು ನಿಧಾನವಾಗಿ ಭಾರ ಕೊಡುವ ವ್ಯಾಯಾಮದಿಂದ. 1998ರಲ್ಲಿ ಸ್ವೀಡನ್ನಿನ ಡಾ. ಹಾಕನ್ ಆಲ್ಫ್ರೆಡ್‌ಸನ್ ತಂಡ ಹಿಮ್ಮಡಿ ನೋವಿದ್ದ 15 ಓಟಗಾರರಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಇಳಿಸುವ ವ್ಯಾಯಾಮ ಮಾಡಿಸಿತು. 12 ವಾರದಲ್ಲಿ ಎಲ್ಲರೂ ಮತ್ತೆ ಓಡಿದರು. ಹಾಗಾಗಿ ಬರೀ ನೀವಿಸಿಕೊಂಡು ಮನೆಗೆ ಬಂದರೆ ಅರ್ಧ ಚಿಕಿತ್ಸೆ ಅಷ್ಟೇ.

ಇವಿದ್ದರೆ ನೀವಿಸಬೇಡಿ, ಆಸ್ಪತ್ರೆಗೆ ಹೋಗಿ

* ಪೆಟ್ಟಾದ ಕಾಲಲ್ಲಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ. ಮೂಳೆ ಮುರಿದಿರಬಹುದು, ಎಕ್ಸ್‌ರೇ ಬೇಕು.
* ಹಿಮ್ಮಡಿ ಹಿಂದೆ ‘ಟಪ್’ ಅಂದ ಹಾಗಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ. ಟೆಂಡನ್ ಹರಿದಿರಬಹುದು.
* ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ. ರಕ್ತ ಹೆಪ್ಪುಗಟ್ಟಿದ್ದು ನೀವಿದಾಗ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.
* ಕೈಕಾಲು ಜೋಮು ಹಿಡಿದು ಬಲ ಕಡಿಮೆಯಾಗಿದ್ದರೆ.
* ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ಬಲವಾದ ಮಾಲೀಸು ಮಾಡಿಸಬಾರದು.

ಯಾರಿಗೆ ತೋರಿಸೋದು?

ಮೊದಲು ತಾಲ್ಲೂಕು ಆಸ್ಪತ್ರೆ. ದೊಡ್ಡ ಪೆಟ್ಟಾದರೆ ಮಂಡ್ಯದ ಮಿಮ್ಸ್ ಅಥವಾ ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆಯ ಮೂಳೆ ವಿಭಾಗ. ಖಾಸಗಿ ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗೋದಾದರೆ ಚಿಕಿತ್ಸೆ ಕೊಡೋರು ಬಿಪಿಟಿ ಓದಿದ್ದಾರಾ, 2007ರ ಕೆಪಿಎಂಇ ಕಾಯ್ದೆಯಡಿ ಕೇಂದ್ರದ ನೋಂದಣಿ ಆಗಿದೆಯಾ ಕೇಳಿ. ಊರಲ್ಲಿ ನೀವೋರ ಹತ್ತಿರ ಹೋಗೋದಾದರೂ ಮೂಳೆ ಮುರಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಊತ ಇಳಿದ ಮೇಲೇ ಹೋಗಿ.