ಕುಷ್ಠವೂ ತೊನ್ನೂ: ಚರ್ಮರೋಗ ಪರೀಕ್ಷೆಯ ಪೂರ್ವೋತ್ತರ

ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಕೃಷ್ಣರಾಜನಗರ ತಾಲ್ಲೂಕಿನಲ್ಲಿ, ಕಾವೇರಿಯ ತೀರದಲ್ಲಿ ಕಪ್ಪಡಿ ಎಂಬ ಕ್ಷೇತ್ರವುಂಟು. ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆಗಳಿರುವ ಆ ಸ್ಥಳದಲ್ಲಿ ಶಿವರಾತ್ರಿಯಿಂದ ತೊಡಗಿ ಜಾತ್ರೆ ನೆರೆಯುವುದು ಸದ್ಭಕ್ತರಿಗೆ ವಿದಿತವೇ ಇದೆ. ಅಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಒಂದು ಸಂದರ್ಭವಿದೆ. ಮಂಟೇಸ್ವಾಮಿಯು ಶರಣರನ್ನು ಪರೀಕ್ಷಿಸಲೆಂದು ಮೈಯೆಲ್ಲ ಹುಣ್ಣಾದ ಕುಷ್ಠರೋಗಿಯ ವೇಷದಿಂದ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ದುರ್ಗಂಧಕ್ಕೆ ಹೇಸಿದವರು ಆತನನ್ನು ಒಳಕ್ಕೆ ಬಿಡುವುದಿಲ್ಲ. ಕಟ್ಟಕಡೆಗೆ ಬಸವಣ್ಣನವರು ಆತನನ್ನು ಗುರುತಿಸುತ್ತಾರೆ. ಈ ಕಥೆ ನಡೆದದ್ದೋ ಕಲ್ಪಿತವೋ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ಒಬ್ಬ ಮಹಾತ್ಮನನ್ನು ಯಾರೂ ಮುಟ್ಟದಂತೆ ಮಾಡಬೇಕಾದಾಗ ಜನಪದ ಕವಿಗೆ ಮೊದಲು ಹೊಳೆದದ್ದು ಕುಷ್ಠರೋಗವೆಂಬುದೇ ಗಮನಿಸತಕ್ಕ ಅಂಶ.

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಜನರು ಚರ್ಮರೋಗಗಳನ್ನು ಅರಿಯದವರಲ್ಲ. ಕಜ್ಜಿ, ಇಸುಬು, ಗಜಕರ್ಣ, ಸಿಬ್ಬು, ಸರ್ಪಸುತ್ತು ಎಂದು ಒಂದೊಂದಕ್ಕೂ ಪ್ರತ್ಯೇಕವಾದ ಹೆಸರಿದೆ. ಗಜಕರ್ಣಕ್ಕೆ ಸೀಮೆ ಅಗಸೆಯ ಸೊಪ್ಪನ್ನು ಅರೆದು ಹಚ್ಚುವುದು, ಕಜ್ಜಿಗೆ ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಬಳಿಯುವುದು ರೂಢಿಯಲ್ಲಿದ್ದ ಮದ್ದುಗಳು. ಇವು ಕೇವಲ ಅಜ್ಜಿಯ ಮಾತಲ್ಲ. ಕಜ್ಜಿಯನ್ನು ಹುಟ್ಟಿಸುವ ಸೂಕ್ಷ್ಮ ಹುಳುವನ್ನು ಗಂಧಕವು ಕೊಲ್ಲುವುದೆಂದು ಆಧುನಿಕ ವೈದ್ಯರೂ ಒಪ್ಪುವರು. ಆದರೆ ಮನೆಯವರೆಲ್ಲರೂ ಏಕಕಾಲದಲ್ಲಿ ಹಚ್ಚಿಕೊಂಡು, ಬಟ್ಟೆಬರೆಗಳನ್ನು ಬಿಸಿನೀರಿನಲ್ಲಿ ಒಗೆಯದಿದ್ದರೆ ಒಬ್ಬನಿಂದ ವಾಸಿಯಾದ ಕಜ್ಜಿ ಇನ್ನೊಬ್ಬನಿಂದ ಮರಳಿ ಬರುತ್ತದೆ.

ಇಷ್ಟು ಸೂಕ್ಷ್ಮವಾದ ಜನರ ಕಣ್ಣು ಒಂದೆಡೆಯಲ್ಲಿ ಮಾತ್ರ ಬಹುಕಾಲ ಮೋಸಹೋಯಿತು. ತೊನ್ನಿಗೆ ಶ್ವೇತಕುಷ್ಠವೆಂಬ ಹೆಸರು ಅಂಟಿದುದರಿಂದ, ಯಾರಿಗೂ ಅಂಟದ, ನಿರುಪದ್ರವಿಯಾದ ಆ ಬಿಳುಪು ಕುಷ್ಠದ ಬಳಗಕ್ಕೆ ಸೇರಿತು. ಅದರ ಫಲವಾಗಿ ಎಷ್ಟೋ ಕನ್ಯೆಯರ ವಿವಾಹಗಳು ನಿಂತವು. ಎಷ್ಟೋ ಸೊಸೆಯಂದಿರು ತವರಿಗೆ ಮರಳಬೇಕಾಯಿತು. ಇತ್ತ ನಿಜವಾದ ಕುಷ್ಠವು ತುರಿಕೆಯಿಲ್ಲದ, ನೋವಿಲ್ಲದ ಮಂಕು ಮಚ್ಚೆಯಾಗಿ ಮೊದಲಾಗುವುದರಿಂದ, ಬೆರಳು ಸೊಟ್ಟಗಾಗುವವರೆಗೂ ಯಾರ ಗಮನಕ್ಕೂ ಬಾರದೆ ಉಳಿಯಿತು.

ಈ ತೊಡಕಿನ ಮೂಲವನ್ನು ಶಾಸ್ತ್ರಗಳಲ್ಲಿಯೇ ನೋಡಬಹುದು. ಚರಕ ಸುಶ್ರುತರು 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು ಎಂದು ಒಟ್ಟು 18 ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ದದ್ರುವೂ ಸೇರಿದೆ, ಪಾಮೆಯೂ ಸೇರಿದೆ. ಎಂದರೆ ಹಳ್ಳಿಯವರ ಗಜಕರ್ಣವೂ ಕಜ್ಜಿಯೂ ಶಾಸ್ತ್ರರೀತ್ಯಾ ಕುಷ್ಠಗಳೇ. ಅವರ ಕಾಲದಲ್ಲಿ ಆ ಶಬ್ದವು ಚರ್ಮವ್ಯಾಧಿಗಳ ಸಾಮಾನ್ಯ ನಾಮವಾಗಿತ್ತೇ ಹೊರತು ಒಂದು ರೋಗದ ಹೆಸರಲ್ಲ. ತೊನ್ನನ್ನಾದರೋ ಅವರು ಈ ಹದಿನೆಂಟರಲ್ಲಿ ಎಣಿಸದೆ, ಶ್ವಿತ್ರ, ಕಿಲಾಸ ಎಂಬ ಹೆಸರಿನಿಂದ ಬೇರೆಯಾಗಿಯೇ ನಿರೂಪಿಸಿದರು. ಮುಂದೆ ಲೋಕವ್ಯವಹಾರದಲ್ಲಿ ಶಬ್ದದ ಅರ್ಥ ಕುಗ್ಗಿತು, ಭಯ ಮಾತ್ರ ಹಿಗ್ಗಿತು.

ಅದಂತಿರಲಿ. ಪ್ರಾಚೀನರು ಪರೀಕ್ಷೆಯ ಕೀಲನ್ನು ಅರಿಯದೆ ಇರಲಿಲ್ಲ. ಕುಷ್ಠವು ಚರ್ಮದಲ್ಲಿ ನೆಲೆಗೊಂಡಾಗ ಸ್ಪರ್ಶಹಾನಿಯುಂಟಾಗುವುದೆಂದು ಸುಶ್ರುತನು ಸ್ಪಷ್ಟವಾಗಿ ತಿಳಿಸಿದ್ದಾನೆ. ಇಂದಿನ ವೈದ್ಯನು ಮಾಡುವ ಮೊದಲ ಪರೀಕ್ಷೆಯೂ ಇದೇ. ರೋಗಿಯ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹತ್ತಿಯ ಎಳೆಯನ್ನೋ ಲೇಖನಿಯ ಮೊನೆಯನ್ನೋ ಮೆಲ್ಲನೆ ಸೋಕಿಸಿ, ಮುಟ್ಟಿದ ಸ್ಥಳವನ್ನು ಬೆರಳಿನಿಂದ ತೋರಿಸೆನ್ನುವನು. ತೊನ್ನಿನವನು ತಪ್ಪದೆ ತೋರಿಸುವನು. ಅವನ ಚರ್ಮದಲ್ಲಿ ಬಣ್ಣ ಹೋಗಿದೆಯಲ್ಲದೆ ಅರಿವು ಹೋಗಿಲ್ಲ. ತೊನ್ನಿನ ಕಲೆ ಹಾಲಿನಂತೆ ಬಿಳುಪು; ಕುಷ್ಠದ ಮಚ್ಚೆಯಲ್ಲಿ ಬಣ್ಣ ಮಾಸುವುದು ಅಥವಾ ಕೆಂಪೇರುವುದು, ಪೂರ್ಣವಾಗಿ ಬಿಳುಪಾಗುವುದಿಲ್ಲ. ಅಲ್ಲದೆ ಮೊಣಕೈಯ ಹಿಂದೆಯೂ ಕಿವಿಯ ಕೆಳಗಡೆಯೂ ನರಗಳು ದಪ್ಪನಾಗಿವೆಯೇ ಎಂದು ವೈದ್ಯನು ಒತ್ತಿ ನೋಡುವನು. ಎಲ್ಲ ರೋಗಿಗಳಲ್ಲಿಯೂ ಸ್ಪರ್ಶಹಾನಿ ಮೊದಲೇ ತೋರದಿರುವುದರಿಂದ ಚರ್ಮದ ರಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವೂ ಉಂಟು.

ಹೊಗೆಸೊಪ್ಪನ್ನು ಬೆಳೆಯುವ ಈ ಸೀಮೆಯಲ್ಲಿ ಸ್ಪರ್ಶಹಾನಿಯ ವಿಚಾರಕ್ಕೆ ಹೆಚ್ಚಿನ ಮಹತ್ವವಿದೆ. ಹಸಿಸೊಪ್ಪು ಮುರಿಯುವವರ ಕೈಗೆ ಅಂಟು ಮೆತ್ತಿ ಕಪ್ಪುಗಟ್ಟುವುದು. ಮಳೆಯಲ್ಲಿ ತೊಯ್ದ ಎಲೆಯಿಂದ ಅದರ ವಿಷಾಂಶವು ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿಗಳನ್ನು ತರುವುದು. ಇದು ದೃಷ್ಟಿದೋಷವೂ ಅಲ್ಲ, ಕುಷ್ಠವಂತೂ ಅಲ್ಲ. ಆದರೆ ಬ್ಯಾರನ್ನಿನ ಉರಿಯ ಬಳಿ ಕೈ ಸುಟ್ಟು ಬೊಬ್ಬೆಯೆದ್ದರೂ ನೋವೇ ತಿಳಿಯಲಿಲ್ಲವೆಂದು ಒಬ್ಬನು ಹೇಳಿದರೆ, ಅದನ್ನು ಅವನ ಧೈರ್ಯವೆಂದು ಹೊಗಳದೆ ಆಸ್ಪತ್ರೆಗೆ ಕಳುಹಬೇಕು.

ಚಿಕಿತ್ಸೆಯ ಇತಿಹಾಸವೂ ಸ್ವಾರಸ್ಯವಾದದ್ದೇ. ಪಶ್ಚಿಮಸಮುದ್ರದ ತೀರಪ್ರದೇಶದಲ್ಲಿ ಬೆಳೆಯುವ ತುವರಕವೆಂಬ ಮರದ ಬೀಜದ ಎಣ್ಣೆಯನ್ನು ಸುಶ್ರುತನು ಕುಷ್ಠಕ್ಕೆ ವಿಧಿಸಿದನು. ಸಹ್ಯಾದ್ರಿಯ ಕಾಡುಗಳಲ್ಲಿ ಗರುಡಫಲವೆಂದು ಕರೆಯುವ ಮರವೇ ಇದೆಂದು ವಿದ್ವಾಂಸರು ಗುರುತಿಸುತ್ತಾರೆ. ಇದೇ ಜಾತಿಯ ಎಣ್ಣೆಯನ್ನು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ವೈದ್ಯರು ಸೂಜಿಮದ್ದಾಗಿ ಚುಚ್ಚುತ್ತಿದ್ದರು. ನೋವು ಬಹಳ, ಗುಣ ಅನಿಶ್ಚಿತ. ತೊನ್ನಿಗೆ ಬಾವಂಚಿಯ ಬೀಜವನ್ನು ಹಚ್ಚಿ ಬಿಸಿಲಿಗೆ ಒಡ್ಡುವ ಪದ್ಧತಿಯೂ ಪುರಾತನವಾದದ್ದು. ಅದರಲ್ಲಿ ಸತ್ಯಾಂಶವಿದೆ, ಆದರೂ ಅಳತೆ ಮೀರಿದರೆ ಮೈ ಬೆಂದು ಗುಳ್ಳೆಯೇಳುವುದರಿಂದ ಸ್ವಯಂವೈದ್ಯಕ್ಕೆ ತಕ್ಕುದಲ್ಲ.

ಕುಷ್ಠವು ಪೂರ್ವಜನ್ಮದ ಪಾಪವಲ್ಲ, ವಂಶದ ಶಾಪವೂ ಅಲ್ಲ, ಒಂದು ಸೂಕ್ಷ್ಮಜಂತುವಿನ ಕಾರ್ಯವೆಂಬುದನ್ನು 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು ತೋರಿಸಿದನು. ಆದರೂ 1898ರಲ್ಲಿ ಬ್ರಿಟಿಷ್ ಸರ್ಕಾರವು ನಿರ್ಗತಿಕ ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿರಿಸುವ ಶಾಸನವನ್ನು ಮಾಡಿತು. ಔಷಧವಿಲ್ಲದ ಆ ದಿನಗಳಲ್ಲಿ ಅದಕ್ಕೊಂದು ನೆಪವಾದರೂ ಇತ್ತೆನ್ನಬಹುದು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂದಿತು. 1955ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಕುಷ್ಠ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಡ್ಯಾಪ್ಸೋನಿಗೆ ರಿಫಾಂಪಿಸಿನ್, ಕ್ಲೊಫಾಜಿಮಿನ್‌ಗಳನ್ನು ಜೊತೆಗೂಡಿಸಿ ಕೊಡುವ ಬಹುವಿಧೌಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರೋಗದ ಪ್ರಮಾಣವನ್ನನುಸರಿಸಿ 6 ಅಥವಾ 12 ತಿಂಗಳು ಇದನ್ನು ಸೇವಿಸಿದರೆ ರೋಗವು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ತೆರಬೇಕಾಗಿಲ್ಲ. ಔಷಧವು ಮೊದಲಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಸೋಂಕುವ ಭಯವೂ ನಿಲ್ಲುವುದು. ಹೀಗಿದ್ದರೂ 1898ರ ಶಾಸನವು ರದ್ದಾದದ್ದು 2016ರಲ್ಲಿ. ವಿವಾಹವಿಚ್ಛೇದನದ ಕಾರಣಗಳಲ್ಲಿ ಒಂದಾಗಿ ಕಾಯಿದೆಯಲ್ಲಿ ಉಳಿದಿದ್ದ ಕುಷ್ಠದ ಹೆಸರನ್ನು ತೆಗೆದುಹಾಕಿದ್ದು 2019ರಲ್ಲಿ. ಮದ್ದು ಬಂದ ಮೇಲೆಯೂ ಎಷ್ಟು ಸಂಸಾರಗಳು ಈ ಒಂದು ಶಬ್ದದಿಂದ ಮುರಿದುವೋ, ಬಲ್ಲವರಾರು!

ದೂರದ ಹಾಡಿಗಳಿಗೆ ವೈದ್ಯವು ತಲಪಿದ್ದು ತಡವಾಗಿಯೇ. ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿರುವ ಜೇನುಕುರುಬ, ಬೆಟ್ಟಕುರುಬರ ಮಕ್ಕಳಿಗೆ ಕಜ್ಜಿ ಹುಣ್ಣುಗಳ ಮದ್ದು ಬೇಕಾದರೂ ಮೈಲಿಗಟ್ಟಲೆ ನಡೆಯಬೇಕಾಗಿತ್ತು. 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಬಂದು, ಮುಂದೆ ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ತೆರೆದದ್ದು ಈ ಸೀಮೆಯ ವೈದ್ಯಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ.

2005ರ ಡಿಸೆಂಬರಿನಲ್ಲಿ, ಇಡೀ ದೇಶದ ಲೆಕ್ಕದಲ್ಲಿ, ಕುಷ್ಠರೋಗಿಗಳ ಸಂಖ್ಯೆ 10,000 ಜನರಿಗೆ ಒಬ್ಬನಿಗಿಂತ ಕಡಮೆಯಾಯಿತು. ಇದನ್ನೇ ರೋಗದ ಅಂತ್ಯವೆಂದು ಕೆಲವರು ಭ್ರಮಿಸಿದರು; ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. 2017ರಿಂದ ಗಾಂಧೀಜಿಯವರ ಪುಣ್ಯತಿಥಿಯಾದ ಜನವರಿ 30ರಂದು ಗ್ರಾಮಸಭೆಗಳಲ್ಲಿ ಕುಷ್ಠದ ಅರಿವನ್ನು ಹರಡುವ ಕಾರ್ಯ ನಡೆದುಬಂದಿದೆ. ಅದಕ್ಕೆ ಇಟ್ಟಿರುವ ಹೆಸರು ಸ್ಪರ್ಶ.